ಮೂರು ಪೇಟ, ಒಂದು ಕೂಗು

ಗಾಳಿಗೆ ಯಾವತ್ತೂ ಬಿಡುವಿಲ್ಲದ ಒಂದು ರಾಜ್ಯ ಇತ್ತು. ಆ ರಾಜ್ಯದ ಮೂಲೆಯಲ್ಲಿ ಕರಿಗುಡ್ಡ ಅಂತ ಒಂದು ಗುಡ್ಡ. ಗುಡ್ಡದ ಹೊಟ್ಟೆಯಲ್ಲಿ ಕಲ್ಲಿದ್ದಲು. ಗುಡ್ಡದ ಬುಡದಲ್ಲಿ ಒಂದು ಹಟ್ಟಿ. ಆ ಹಟ್ಟಿಯಲ್ಲಿ ಹೊನ್ನೂರ ಅಂತ ಒಬ್ಬ ಕೂಗುಗಾರ ಇದ್ದ.

ಕೂಗುಗಾರನಿಗೆ ಏನು ಕೆಲಸ ಅಂತೀರಾ? ಕೇಳಿ. ಹಟ್ಟಿಯ ಗಂಡಸರು ಹೆಂಗಸರು ಬೆಳಗಾದರೆ ಹಗ್ಗ ಹಿಡಿದು ಗಣಿಗೆ ಇಳಿಯೋರು. ಮೇಲೆ ಚಂದಿರ ಅನ್ನುವ ಕೋಣ ಸುತ್ತು ಹೊಡೆದು ರಾಟೆ ತಿರುಗಿಸೋದು. ಕಲ್ಲಿದ್ದಲಿನ ಬುಟ್ಟಿ ಮೇಲೆ ಬರೋದು. ಕೋಣಕ್ಕೆ ಚಂದಿರ ಅಂತ ಹೆಸರಿಟ್ಟವರು ಯಾರೋ ತಮಾಷೆಯ ಜನ. ಅದು ಅಮಾವಾಸ್ಯೆಯಷ್ಟು ಕಪ್ಪು. ಹೊತ್ತಿಳಿದಾಗ ಹೊನ್ನೂರ ಗಣಿಯ ಬಾಯಿಗೆ ಬಗ್ಗಿ ಕೂಗೋನು:

"ಒಳಗ್ಯಾರಿದ್ದೀರ್ರೋ?"

ಒಳಗೆ ಯಾರೇ ಉಳಿದಿರಲಿ, ಹೆಸರು ಹೇಳಿ "ಇದ್ದೀನಿ" ಅನ್ನಬೇಕು. ಅವರು ಮೇಲೆ ಬರುವ ತನಕ ಯಾರೂ ಮನೆ ಕಡೆ ಮುಖ ಮಾಡುವ ಹಾಗಿಲ್ಲ. ಹೊನ್ನೂರ ಮತ್ತೆ ಕೂಗೋನು. ಇನ್ನೊಂದು ಸಲ ಕೂಗೋನು. ಮೂರು ಸಲ ಕೂಗಿದರೂ ಒಳಗಿಂದ ಸೊಲ್ಲಿಲ್ಲ ಅಂದರೆ, ಆಗ ಗಣಿಬಾಯಿಯ ದೀಪ ಆರಿಸೋನು. ಗಣಿ ತೋಡಿಸಿದ ದಿನವೇ ರಾಜನ ಅಜ್ಜ ಆಣೆ ಇಟ್ಟಿದ್ದ: "ಕೂಗಿಗೆ ಒಳಗಿಂದ ಉತ್ತರ ಬರುತ್ತಿರುವ ತನಕ ಈ ಬಾಯಿ ಮುಚ್ಚಬಾರದು."

ದಿನಾ ಕೊನೆಗೆ ಉಳಿಯೋನು ಮಲಿಯಪ್ಪ. ಒಡಕು ಗಂಟಲು. ಅವನು ಹೆಸರು ಹೇಳುತ್ತಲೇ ಇರಲಿಲ್ಲ.

"ಇದ್ದೀನಿ ಕಣೋ, ಎಲ್ಲಿಗೆ ಹೋಗ್ಲಿ!" ಅನ್ನೋನು.

ದಿನಾ ಅದೇ ಮಾತು. ದಿನಾ ಎಲ್ಲರೂ ನಗೋರು. ನಗುತ್ತಲೇ ಮನೆಗೆ ಹೋಗೋರು.

ಹೀಗಿರುವಾಗ ಕಲ್ಲಿದ್ದಲಿನ ಹೊಗೆ ರಾಜ್ಯದ ಮೇಲೆಲ್ಲ ಕವಿಯಿತು. ರಾಜಧಾನಿಯಲ್ಲಿ ಬೆಳಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಬೂದಿ ಬಣ್ಣ. ಮಕ್ಕಳಿಗೆ ಕೆಮ್ಮು. ಮಳೆಗೂ ದಾರಿ ತಪ್ಪಿತು. ರಾಜ ಯೋಚನೆ ಮಾಡಿದ. ಎದುರಿನ ಬೋಳುಗುಡ್ಡದ ಮೇಲೆ ಎತ್ತರದ ಕಂಬ ನಿಲ್ಲಿಸಿ, ಕಂಬದ ತುದಿಗೆ ಗಾಳಿಚಕ್ರ ಕಟ್ಟಿಸಿದ. "ಇನ್ನು ಮೇಲೆ ನಮ್ಮ ದೀಪ ಗಾಳಿಯಿಂದಲೇ ಉರಿಯಲಿ," ಅಂದ.

ರಾಜ ಕೆಟ್ಟವನಲ್ಲ. ರಂಗರಸ ಅನ್ನುವ ಪಾರುಪತ್ಯಗಾರನನ್ನು ಕರೆದು ಹೇಳಿದ: "ಗಣಿಯವರ ಕೈಗೆ ಬೇರೆ ವಿದ್ಯೆ ಕಲಿಸು, ಬೇರೆ ಕೆಲಸ ಕೊಡಿಸು. ಅದಾಗುವ ತನಕ ನನ್ನ ಉಗ್ರಾಣದಿಂದ ಅವರಿಗೆ ಜೋಳ ಹೋಗಲಿ. ಅದಾದ ಮೇಲೆ ನಾನೇ ಬಂದು ಗಣಿಗೆ ಚಪ್ಪಡಿ ಮುಚ್ಚಿಸುತ್ತೇನೆ."

ಒಂದು ಬೆಳಗ್ಗೆ ಸಿಪಾಯಿಗಳು ಬಂದರು. ಒಳಗಿದ್ದವರನ್ನೆಲ್ಲ ಮೇಲೆ ಎಳೆದರು. ಹಗ್ಗ ಬಿಚ್ಚಿದರು. ದೀಪವನ್ನು ತಾವೇ ಊದಿ ಆರಿಸಿದರು. ಹೊನ್ನೂರ ಕೂಗಲು ಬಾಯಿ ತೆರೆದ. "ಹೋಗಯ್ಯ ಆಚೆ," ಅಂದರು.

ಹೊನ್ನೂರನ ಹೆಂಡತಿ ದುರುಗವ್ವನೂ ಗಣಿಗೆ ಇಳಿಯುತ್ತಿದ್ದವಳೇ. ಅವಳು ಹೇಳಿದಳು: "ನಮ್ಮಪ್ಪ ಕಪ್ಪು ಉಗುಳಿ ಉಗುಳಿ ಸತ್ತ. ಮುಚ್ಚಿದ್ದು ಒಳ್ಳೇದೇ ಆಯ್ತು ಬಿಡು."

"ಒಳ್ಳೇದೇ," ಅಂದ ಹೊನ್ನೂರ. ಆದರೆ ಹೊತ್ತಿಳಿದ ಕೂಡಲೇ ಅವನ ಗಂಟಲು ಕೆರೆಯೋದು. ಅಂಗಳದಿಂದ ಬಾಗಿಲಿಗೆ, ಬಾಗಿಲಿಂದ ಅಂಗಳಕ್ಕೆ ಓಡಾಡೋನು. ಗಣಿಯೊಳಗಿಂದ ಸಂಜೆ ತಣ್ಣಗೆ ಎದ್ದು ಮುಖಕ್ಕೆ ತಾಗುತ್ತಿದ್ದ ಗಾಳಿ, ಒಬ್ಬರ ಹಿಂದೊಬ್ಬರು ಕೊಡುತ್ತಿದ್ದ ಉತ್ತರ, ಅದೊಂದೂ ಮನಸ್ಸಿನಿಂದ ಹೋಗಲೊಲ್ಲದು.

ರಂಗರಸನ ಪಾಠ ಶುರುವಾಯಿತು.

ಮೊದಲು ಜೇನು ಇಳಿಸುವ ವಿದ್ಯೆ. ದೂರದ ಕಾಡಿಂದ ಗುರು ಬಂದ. ಜನ ಕಲಿತರು. ಕಲಿತು ಕೇಳಿದರು: "ಒಡೆಯಾ, ಕರಿಗುಡ್ಡದಲ್ಲಿ ಒಂದು ಹೂವಿಲ್ಲ. ಜೇನು ಎಲ್ಲಿಂದ ತರೋಣ?"

"ವಿದ್ಯೆ ಕಲಿಸೋದು ನನ್ನ ಕೆಲಸ. ಹೂ ಅರಳಿಸೋದು ದೇವರ ಕೆಲಸ," ಅಂದ ರಂಗರಸ. ಎಲ್ಲರ ತಲೆಗೂ ಹಳದಿ ಪೇಟ ಸುತ್ತಿಸಿದ. ಡೋಲು ಬಾರಿಸಿದ. ರಾಜನಿಗೆ ಸುದ್ದಿ ಹೋಯಿತು. ರಾಜ ಮೆಚ್ಚಿದ. ರಂಗರಸನ ಮನೆ ಎದ್ದು ನಿಂತಿತು.

ಎರಡನೆಯದು ದೋಣಿ ನಡೆಸುವ ವಿದ್ಯೆ. ಒಣ ಮರಳ ಮೇಲೆ ದೋಣಿ ಇಟ್ಟು, ಅದರಲ್ಲಿ ಕೂರಿಸಿ ಹುಟ್ಟು ಹಾಕಿಸಿದ. ಜನ ಬೆವರು ಸುರಿಸಿ ಹುಟ್ಟು ಹಾಕಿದರು. ದೋಣಿ ಇದ್ದಲ್ಲೇ ಇತ್ತು. "ಒಡೆಯಾ, ಹೊಳೆ ಎಲ್ಲಿದೆ?" ಅಂದರು.

"ವಿದ್ಯೆ ಕಲಿಸೋದು ನನ್ನ ಕೆಲಸ. ಹೊಳೆ ಹರಿಸೋದು ದೇವರ ಕೆಲಸ." ನೀಲಿ ಪೇಟ. ಡೋಲು. ಮನೆಗೆ ಎರಡನೇ ಅಂತಸ್ತು.

ಆ ನೀಲಿ ಪೇಟ ಸುತ್ತಿಕೊಂಡೇ ಮಲಿಯಪ್ಪ ಒಂದು ಬೆಳಗ್ಗೆ ಗಂಟು ಕಟ್ಟಿದ. ಹೊನ್ನೂರ ದಾರಿಗೆ ಅಡ್ಡ ನಿಂತ.

"ಎಲ್ಲಿಗೋ?"

"ಹೊಳೆ ಇರೋ ಕಡೆಗೆ."

"ಎಲ್ಲಿಗೆ ಹೋಗ್ಲಿ ಅಂತಿದ್ದೆ ನೀನು. ದಿನಾ ಅಂತಿದ್ದೆ."

"ಅಂತಿದ್ದೆ," ಅಂದ ಮಲಿಯಪ್ಪ. ಗಂಟು ಹೆಗಲಿಗೇರಿಸಿ ಹೊರಟ. ನೀಲಿ ಪೇಟ ದಾರಿಯಲ್ಲಿ ಸಣ್ಣದಾಗುತ್ತ ಹೋಯಿತು. ಹೊನ್ನೂರ ಅದು ಕಾಣುವಷ್ಟು ಹೊತ್ತೂ ನಿಂತಿದ್ದ, ಕಾಣದಾದ ಮೇಲೂ ನಿಂತಿದ್ದ.

ಮೂರನೆಯದು ಆನೆ ಪಳಗಿಸುವ ವಿದ್ಯೆ. ಗುರು ಬಂದ, ಆನೆ ಬರಲಿಲ್ಲ. ಚಂದಿರನನ್ನೇ ಆನೆ ಅಂತ ಇಟ್ಟುಕೊಳ್ಳಿ ಅಂದರು. ಕೋಣ ಹೊನ್ನೂರನ ಕಡೆ ತಿರುಗಿ ಕೇಳಿತು: "ಲೋ, ನನ್ನ ಸೊಂಡಿಲು ಎಲ್ಲೋ ಬಿದ್ದುಹೋಗಿದೆ. ಹುಡುಕಿಕೊಡ್ತೀಯಾ?"

"ಒಡೆಯಾ, ಆನೆ ಎಲ್ಲಿದೆ?" ಅಂತ ಜನ ಕೇಳಿದರು. ಉತ್ತರ ನಿಮಗೆ ಗೊತ್ತೇ ಇದೆ. ಕೆಂಪು ಪೇಟ. ಡೋಲು. ಮೂರನೇ ಅಂತಸ್ತು.

ದುರುಗವ್ವ ಸುಮ್ಮನಿರುವ ಹೆಂಗಸಲ್ಲ. ಮೂರು ಸಲವೂ ಬೋಳುಗುಡ್ಡದ ಕಡೆ ಕೈ ತೋರಿಸಿ ಕೇಳಿದ್ದಳು: "ಆ ಗಾಳಿಚಕ್ರದ ಕೆಲಸ ಕಲಿಸ್ರಿ ಸ್ವಾಮಿ. ಅದು ಕಣ್ಣಿಗೆ ಕಾಣ್ತದೆ, ದಿನಾ ತಿರುಗ್ತದೆ."

"ಅದನ್ನ ಕಲಿಯೋಕೆ ವರ್ಷಗಟ್ಟಲೆ ಬೇಕಮ್ಮ. ಪೇಟ ಬೇಗ ಸಿಗಲ್ಲ."

"ಪೇಟ ಯಾರು ಕೇಳಿದರು? ಇರೋದೊಂದು ತಲೆ, ಅದಕ್ಕೆ ಮೂರು ಪೇಟ. ಒಂದನ್ನಾದರೂ ಬೇಯಿಸಿ ತಿನ್ನೋ ಹಂಗಿದ್ದಿದ್ದರೆ ಬೇರೆ ಮಾತು."

ರಂಗರಸ ಕೇಳಿಸದವನ ಹಾಗೆ ಪಂಚೆಯ ಧೂಳು ಕೊಡವಿದ. ಚಕ್ರ ನೋಡಿಕೊಳ್ಳಲು ಆಗಲೇ ತನ್ನ ಕಡೆಯ ನೆಂಟರನ್ನು ಕೂರಿಸಿದ್ದ.

ಕೊನೆಗೆ ಡಂಗುರ ಬಂತು. ಗಣಿಯವರೆಲ್ಲ ಮೂರು ಮೂರು ವಿದ್ಯೆ ಕಲಿತು ಸುಖವಾಗಿದ್ದಾರಂತೆ. ಹುಣ್ಣಿಮೆಯ ದಿನ ರಾಜ ಬಂದು ಚಪ್ಪಡಿ ಮುಚ್ಚಿಸುತ್ತಾನಂತೆ. ಚಪ್ಪಡಿ ಮುಚ್ಚಿದರೆ ಜೋಳ ನಿಲ್ಲುತ್ತದೆ. ಜೋಳ ನಿಂತರೆ ಹಟ್ಟಿ ಒಡೆಯುತ್ತದೆ. ಮಲಿಯಪ್ಪ ಹೋದ ದಾರಿಯಲ್ಲೇ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ.

ಆ ಸಂಜೆ ಹೊನ್ನೂರ ಗಣಿಬಾಯಿಗೆ ಹೋದ. ಅಲ್ಲಿ ರಾಟೆ ಇಲ್ಲ, ಹಗ್ಗ ಇಲ್ಲ. ಆದರೂ ಚಂದಿರ ಸುತ್ತು ಹೊಡೆಯುತ್ತಿತ್ತು.

"ಏನೋ ಇದು? ಯಾರಿಗೆ ಸುತ್ತುತಿದೀಯ?"

"ನಾನೆಲ್ಲಿ ಸುತ್ತುತಿದೀನಿ? ಕಾಲು ಸುತ್ತುತಿವೆ," ಅಂತು ಕೋಣ. "ದಿನಾ ನಿನ್ನ ಕೂಗು ಕೇಳಿ ನಿಲ್ತಿದ್ವು. ಕೂಗೇ ಬರಲಿಲ್ಲ. ಅವು ಹೆಂಗೆ ನಿಲ್ತವೆ ಹೇಳು?"

"ಗಣಿ ಮುಚ್ಚಿತಲ್ಲೋ."

"ಯಾರು ಹೇಳಿದರು? ಕೊನೇ ಕೂಗು ಕೂಗಿದ್ಯಾ?"

"ಎಲ್ಲಿ? ಕೂಗೋಕೆ ಬಿಡಲಿಲ್ಲ."

"ಹಂಗಾದರೆ ಮುಚ್ಚಿಲ್ಲ." ಚಂದಿರ ಮತ್ತೊಂದು ಸುತ್ತು ಬಂತು. "ಕೂಗುಗಾರ ಅಂತ ಮೀಸೆ ಬೇರೆ. ನನಗಿರೋ ಬುದ್ಧಿ ನಿನಗಿಲ್ಲ."

ಹೊನ್ನೂರ ಗಣಿಬಾಯಿಯ ಅಂಚಿಗೆ ಕೂತ. ಬಹಳ ಹೊತ್ತು ಕೂತ. ಎದ್ದಾಗ ಅವನ ಮುಖದಲ್ಲಿ ಹಳೇ ನಗು ಸ್ವಲ್ಪ ಇತ್ತು. ಮೊದಲು ಹಟ್ಟಿಯವರನ್ನೆಲ್ಲ ಸೇರಿಸಿ ನಾಲ್ಕು ಮಾತಾಡಿದ. ಆಮೇಲೆ ರಂಗರಸನ ಮನೆಗೆ ನಡೆದ.

ರಂಗರಸ ಮೂರನೇ ಅಂತಸ್ತಿನ ಉಯ್ಯಾಲೆಯಲ್ಲಿದ್ದ. ಬಿಳಿ ಪಂಚೆಗೆ ಮಸಿ ತಾಗೀತು ಅಂತ ಗಣಿಯ ಹತ್ತಿರ ಒಂದು ದಿನವೂ ಸುಳಿಯದ ಮನುಷ್ಯ ಅವನು. ಮೇಲಿಂದಲೇ ಕೇಳಿದ: "ಏನಯ್ಯ?"

"ಒಡೆಯಾ, ಗಣಿ ಮುಚ್ಚುವಾಗ ನಮ್ಮದೊಂದು ಪದ್ಧತಿ ಇದೆ. ನಾನು ಕೂಗ್ತೀನಿ, ಜನ ಉತ್ತರ ಕೊಡ್ತಾರೆ. ಮಹಾರಾಜರ ಅಜ್ಜನ ಕಾಲದ್ದು. ಅಪ್ಪಣೆ ಬೇಕು."

ಏನು ಕೂಗು, ಏನು ಉತ್ತರ ಅಂತ ರಂಗರಸ ಕೇಳಬಹುದಿತ್ತು. ಕೇಳಲಿಲ್ಲ. ತನಗೆ ಜೈ ಅನ್ನುತ್ತಾರೆ ಅಂದುಕೊಂಡ. ಮುಖ ಅರಳಿತು.

"ಎಲ್ಲರೂ ಉತ್ತರ ಕೊಡ್ತಾರೋ?"

"ಎಲ್ಲರೂ ಒಡೆಯಾ. ಗಂಟಲು ಹರಿಯುವ ಹಾಗೆ."

"ಹಾಗಾದರೆ ಜೋರಾಗಿ ಕೂಗು. ಎಲ್ಲರೂ ಮೂರೂ ಪೇಟ ಸುತ್ತಿಕೊಂಡು ಬನ್ನಿ!"

ಹುಣ್ಣಿಮೆ ಬಂತು. ರಾಜ ಬಂದ. ಗಣಿಬಾಯಿಯ ಪಕ್ಕ ಚಪ್ಪಡಿ ಸಿದ್ಧವಾಗಿತ್ತು. ಹಟ್ಟಿಯವರು ಹಳದಿಯ ಮೇಲೆ ನೀಲಿ, ನೀಲಿಯ ಮೇಲೆ ಕೆಂಪು ಪೇಟ ಸುತ್ತಿ ಸಾಲಾಗಿ ನಿಂತಿದ್ದರು.

ರಂಗರಸ ಕೈ ಮುಗಿದ. "ಮಹಾಪ್ರಭು, ನಾನು ಮಾಡಿದ ಕೆಲಸವನ್ನು ನಾನು ಹೇಳಬಾರದು. ಈ ಜನರ ಬಾಯಿಂದಲೇ ಕೇಳಬೇಕು. ಅವರ ಉತ್ತರವೇ ನನ್ನ ಸಾಕ್ಷಿ. ಕೂಗಯ್ಯ!"

ಹೊನ್ನೂರ ಗಣಿಬಾಯಿಗೆ ಬಗ್ಗಲಿಲ್ಲ. ಜನರ ಕಡೆ ತಿರುಗಿದ. ಕೈ ಬಾಯಿಗೆ ಒಡ್ಡಿ ಕೂಗಿದ.

"ಒಳಗ್ಯಾರಿದ್ದೀರ್ರೋ?"

ಒಂದು ಗಳಿಗೆ ಗಾಳಿಯ ಸದ್ದು. ಆಮೇಲೆ ಹೆಂಗಸಿನ ದನಿ. "ದುರುಗವ್ವ. ಇದ್ದೀನಿ!"

"ಒಳಗ್ಯಾರಿದ್ದೀರ್ರೋ?"

"ಗಾದಿಲಿಂಗ. ಇದ್ದೀನಿ!" "ಹುಲಿಗೆವ್ವ. ಇದ್ದೀನಿ!" "ಇದ್ದೀನಿ!" "ಇದ್ದೀನಿ!"

ಮೂರನೇ ಸಲ ಇಡೀ ಹಟ್ಟಿ ಒಟ್ಟಿಗೆ ಅಂದಿತು. ಬೋಳುಗುಡ್ಡಕ್ಕೆ ಬಡಿದು ದನಿ ವಾಪಸ್ಸು ಬಂತು. ಸುತ್ತು ಹೊಡೆಯುತ್ತಿದ್ದ ಚಂದಿರ ಆಗ ನಿಂತಿತು.

ರಾಜನ ಮುಖ ಬಿಳಿಚಿತು. ಅಜ್ಜನ ಆಣೆ ಅವನಿಗೆ ಗೊತ್ತಿತ್ತು. "ಇದು ಒಳಗೆ ಉಳಿದವರನ್ನು ಕೇಳುವ ಕೂಗಲ್ಲವೇ? ನೀವೆಲ್ಲ ಹೊರಗೆ ನಿಂತು ಇದ್ದೀನಿ ಅನ್ನುತ್ತೀರಿ?"

"ಮೈ ಹೊರಗೆ ತಂದರು ಮಹಾಪ್ರಭು, ಸಿಪಾಯಿಗಳು ಎಳೆದು ತಂದರು," ಅಂದ ಹೊನ್ನೂರ. "ಗಣಿಯಿಂದ ಬಂದೆವು. ಇನ್ನೆಲ್ಲಿಗೂ ತಲುಪಲಿಲ್ಲ. ದಿನಾ ಹೊತ್ತಿಳಿದರೆ ಮನಸ್ಸು ಇಲ್ಲಿಗೇ ಬಂದು ಇಳೀತದೆ. ಇಳಿಯೋಕೆ ಅದಕ್ಕೆ ಬೇರೆ ಜಾಗ ಇಲ್ಲ. ಅಲ್ಲಿ ಕತ್ತಲಿತ್ತು, ಕೆಮ್ಮಿತ್ತು, ಆದರೆ ಯಾರಿದ್ದೀರಿ ಅಂತ ಕೇಳೋರಿದ್ದರು. ನಮ್ಮ ಮಲಿಯಪ್ಪ ಹೋಗಿಬಿಟ್ಟ. ಅವನಿಗೆ ಕೂಗಿದರೆ ಕೇಳಿಸೋಲ್ಲ."

"ಸುಳ್ಳು! ಮೂರು ವಿದ್ಯೆ ಕಲಿಸಿದ್ದೀನಿ! ಒಂದೊಂದೂ ಅನ್ನ ಹಾಕುವ ವಿದ್ಯೆ!" ಅಂತ ರಂಗರಸ ಚೀರಿದ.

"ಅನ್ನ ಹಾಕುತ್ತವೆಯೇ?" ಅಂದ ರಾಜ. "ಇದೇ ಗುಡ್ಡದಲ್ಲಿ?"

"ಇದೇ ಗುಡ್ಡದಲ್ಲಿ, ನನ್ನಾಣೆ!"

ರಾಜ ಸುತ್ತ ನೋಡಿದ. ಹೂವಿಲ್ಲ. ಹೊಳೆ ಇಲ್ಲ. "ಆನೆ ಎಲ್ಲಿ?" ಅಂದ. ದುರುಗವ್ವ ಚಂದಿರನನ್ನು ಮುಂದಕ್ಕೆ ದೂಡಿದಳು. ಕೋಣ ತಲೆ ಬಾಗಿಸಿತು. ರಾಜನ ಕಡೆಯವರು ನಕ್ಕರು. ರಾಜ ನಗಲಿಲ್ಲ.

"ನಿನ್ನ ಮಾತು ನಂಬಿದೆ ರಂಗರಸ. ಇವತ್ತಿನಿಂದ ಈ ಮೂರು ಪೇಟ ನಿನ್ನ ತಲೆಗೆ. ಇದೇ ಗುಡ್ಡದಲ್ಲಿ ಈ ಮೂರು ವಿದ್ಯೆಯಿಂದಲೇ ನೀನು ಬದುಕು. ಮೂರು ಅಂತಸ್ತಿನ ಮನೆ ಗಾಳಿಚಕ್ರದ ಕೆಲಸ ಕಲಿಸುವ ಶಾಲೆಯಾಗಲಿ. ನಿನ್ನ ನೆಂಟರು ಊರಿಗೆ ಹೋಗಲಿ. ಈ ಜನ ಆ ಕೆಲಸ ಕಲಿತು, ಕೆಲಸಕ್ಕೆ ನಿಲ್ಲುವ ತನಕ ಜೋಳ ನಿಲ್ಲಬಾರದು, ಚಪ್ಪಡಿ ಅಲುಗಬಾರದು."

ದುರುಗವ್ವ ತನ್ನ ಪೇಟಗಳನ್ನು ಬಿಚ್ಚಿ ರಂಗರಸನ ಕೈಗಿಟ್ಟಳು. "ತಗೊಳ್ಳಿ ಸ್ವಾಮಿ. ಹೂ ಅರಳಿದರೆ ಹೇಳಿಕಳಿಸ್ರಿ."

ಕಲಿಕೆ ಸುಲಭ ಆಗಲಿಲ್ಲ. ವರ್ಷಗಳೇ ಹಿಡಿದವು. ಇಳಿಯುವುದನ್ನೇ ಬಲ್ಲ ಕಾಲುಗಳಿಗೆ ಹತ್ತುವುದು ಬರಲಿಲ್ಲ. ಕೆಲವರಿಗೆ ಎತ್ತರಕ್ಕೆ ತಲೆ ಸುತ್ತಿತು, ಕೆಲವರು ಅತ್ತರು, ಒಂದಿಬ್ಬರು ಬಿಟ್ಟೇ ಹೋದರು. ಗುರುಗಳು ತಾಳ್ಮೆಯಿಂದ ಮತ್ತೆ ಮತ್ತೆ ತೋರಿಸಿದರು. ಕಂಬದ ಹೊಟ್ಟೆಯಲ್ಲಿ ಏಣಿ, ಏಣಿಯ ಸುತ್ತ ಕತ್ತಲು. ಆ ಕತ್ತಲು ಮಾತ್ರ ಅವರಿಗೆ ಹಳೇ ನೆಂಟ. ದುರುಗವ್ವ ಚಕ್ರದ ಕೀಲಿಗೆ ಎಣ್ಣೆ ಬಿಡುವುದನ್ನು ಕಲಿತಳು. ಗಾದಿಲಿಂಗ ರೆಕ್ಕೆ ಬಿಗಿಯುವುದನ್ನು ಕಲಿತ. ಹೊನ್ನೂರನ ಮೊಣಕಾಲು ಹತ್ತಲು ಒಪ್ಪಲಿಲ್ಲ. ಅವನು ಬುಡದಲ್ಲಿ ನಿಂತು ಹಗ್ಗ ಕಾಯುವುದನ್ನು ಕಲಿತ.

ಎಲ್ಲರೂ ಕೆಲಸಕ್ಕೆ ನಿಂತ ಮೇಲೆ ರಾಜ ಮತ್ತೆ ಬಂದ. ಹೊನ್ನೂರ ಈ ಸಲ ಗಣಿಬಾಯಿಗೆ ಬಗ್ಗಿದ. ತಣ್ಣನೆ ಗಾಳಿ ಮುಖಕ್ಕೆ ತಾಗಿತು. ಮೂರು ಸಲ ಕೂಗಿದ. ಹಟ್ಟಿಯವರು ಹಿಂದೆಯೇ ನಿಂತಿದ್ದರು, ಯಾರೂ ತುಟಿ ಬಿಚ್ಚಲಿಲ್ಲ. ಒಳಗಿಂದಲೂ ಏನೂ ಬರಲಿಲ್ಲ. ಹೊನ್ನೂರ ಪಕ್ಕಕ್ಕೆ ಸರಿದ. ಕಣ್ಣೊರೆಸಿಕೊಂಡ. "ಮುಚ್ಚಿ," ಅಂದ.

ಈಗಲೂ ಹೊತ್ತಿಳಿದರೆ ಹೊನ್ನೂರ ಬೋಳುಗುಡ್ಡದ ಕಂಬದ ಬುಡದಲ್ಲಿ ತಲೆ ಎತ್ತಿ ಕೂಗುತ್ತಾನೆ:

"ಮೇಲ್ಯಾರಿದ್ದೀರ್ರೋ?"

ಮೇಲಿಂದ ಒಬ್ಬೊಬ್ಬರೇ "ಇದ್ದೀನಿ" ಅನ್ನುತ್ತಾರೆ, ಒಬ್ಬೊಬ್ಬರೇ ಇಳಿದು ಬರುತ್ತಾರೆ. ಎಲ್ಲರೂ ಇಳಿದ ಮೇಲೂ ಅವನು ಇನ್ನೊಂದು ಸಲ ಕೂಗುತ್ತಾನೆ. ಕೂಗಿ, ಒಡಕು ಗಂಟಲಿನ ಒಬ್ಬ ಮನುಷ್ಯ ಎಲ್ಲಿಗೆ ಹೋಗ್ಲಿ ಅನ್ನಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾನೆ. ಯಾರೂ ಅವನಿಗೆ ಅವಸರ ಮಾಡುವುದಿಲ್ಲ. ಚಂದಿರನೂ ಮೆಲುಕು ನಿಲ್ಲಿಸಿ ಕಾಯುತ್ತದೆ. ಆಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ.

ಕಥೆ ಇಷ್ಟೇ. ನೀತಿ ಏನು ಅಂದರೆ: ಒಬ್ಬರ ಕೆಲಸ ನಿಲ್ಲಿಸಿದವರು ಅವರ ತಲೆಗೊಂದು ಪೇಟ ಸುತ್ತಿ ಕೈ ತೊಳೆದುಕೊಳ್ಳಬಾರದು. ಕಲಿಸಿ ಆಯಿತೋ ಇಲ್ಲವೋ ಅಂತ ಕಲಿಸಿದವನನ್ನು ಕೇಳಬೇಡಿ, ಕಲಿತವರನ್ನು ಕೂಗಿ ಕೇಳಿ. ಅವರು ಹೊಸ ಕೆಲಸದ ಜಾಗದಿಂದ ಓಗೊಟ್ಟರೆ, ಆಗ ಹಳೇ ಬಾಗಿಲು ಮುಚ್ಚಿ.