ಪೊಟರೆ ಮುಚ್ಚಿಸಿದ ಹೂನೊಣ

ಒಂದು ಕಾಡಿನಲ್ಲಿ ಮುದಿ ಮತ್ತಿಮರವಿತ್ತು. ಎಂದೋ ಗಾಳಿಗೆ ಅದರ ಕೊಂಬೆಯೊಂದು ಮುರಿದು, ಮುರಿದ ಜಾಗ ಕೊಳೆತು ಪೊಟರೆಯಾಗಿತ್ತು. ಪೊಟರೆಯ ಬಾಯಿಗೆ ಸೀತಾಳೆ ಗಿಡ ಬೆಳೆದು ಮರೆ ಮಾಡಿತ್ತು. ಒಳಗೆ ಮಳೆನೀರು ನಿಂತು, ಎಲೆ ಬಿದ್ದು ಕೊಳೆತು, ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ವಾಸನೆಯೂ ಇತ್ತು. ಇಲ್ಲವೆಂದು ನಾನು ಹೇಳುವುದಿಲ್ಲ.

ಆ ನೀರಿನಲ್ಲಿ ಹೂನೊಣದ ಮರಿಗಳು ಬೆಳೆಯುತ್ತಿದ್ದವು. ಮರಿಗಳು ನೋಡಲು ಚೆಂದವಿಲ್ಲ. ಬಿಳಿಚಿಕೊಂಡ ಹುಳುಗಳು, ಹಿಂದೆ ಇಲಿಯ ಬಾಲದಂಥ ಉದ್ದ ಬಾಲ. ಆ ಬಾಲವೇ ಅವುಗಳ ಮೂಗು. ಮೈಯೆಲ್ಲ ಕೆಸರಿನಲ್ಲಿ, ಬಾಲದ ತುದಿ ಮಾತ್ರ ನೀರಿನ ಮೇಲೆ. ಹಾಗೆ ಉಸಿರಾಡುತ್ತ, ಕೊಳೆತದ್ದನ್ನು ತಿನ್ನುತ್ತ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಕತ್ತಲಲ್ಲೇ ಇರುತ್ತವೆ. ಬಲಿತ ಮೇಲೆ ತೆವಳಿ ಮೇಲೆ ಬಂದು, ಪೊಟರೆಯ ಬಾಯಲ್ಲಿರುವ ಒಣ ಮರದ ಪುಡಿಯಲ್ಲಿ ಹುದುಗಿ ಕೋಶ ಕಟ್ಟಿಕೊಳ್ಳುತ್ತವೆ.

ಕೋಶ ಒಡೆದು ಬಂದ ನೊಣವನ್ನು ನೋಡಬೇಕು! ಕಪ್ಪು ಮೈಗೆ ಬಂಗಾರದ ಪಟ್ಟೆ, ತಲೆ ತುಂಬ ಕಣ್ಣು. ಥೇಟು ಕಡಜ. ಕೊಂಡಿ ಮಾತ್ರ ಇಲ್ಲ, ರೆಕ್ಕೆ ನಾಲ್ಕರ ಬದಲು ಎರಡು. ಪಟ್ಟೆ ಕಂಡ ಹಕ್ಕಿಗಳು ಕಡಜವೆಂದು ಹೆದರಿ ದೂರ ಸರಿಯುತ್ತವೆ. ಚುಚ್ಚಲು ಬಾರದ ಬಡಪಾಯಿ ನೊಣಕ್ಕೆ ಇರುವ ರಕ್ಷಣೆ ಅಷ್ಟೇ.

ಮಳೆ ಬಿಟ್ಟು ಬಿಸಿಲು ಬಿದ್ದ ಕಾಲದಲ್ಲಿ ಆ ಪೊಟರೆಯಿಂದ ಇಬ್ಬರು ಅಕ್ಕತಂಗಿಯರು ಹೊರಬಂದರು. ಅಕ್ಕ ದೇವೀರಿ, ತಂಗಿ ಕೆಂಪಾಜಿ. ಕೆಂಪಾಜಿ ಹೂವಿಂದ ಹೂವಿಗೆ ಹೋಗಿ ಮಕರಂದ ಕುಡಿದು, ದಿನವೂ ಪೊಟರೆಯ ಬಾಯಿಗೆ ಬಂದು ಒಳಗಿನ ಮರಿಗಳನ್ನು ಮಾತಾಡಿಸಿ ಹೋಗುತ್ತಿದ್ದಳು. ದೇವೀರಿ ಹಾಗಲ್ಲ. ನೊಣಹಿಡುಕ ಹಕ್ಕಿಯೊಂದು ತನ್ನನ್ನು ಕಂಡು ಹಿಂದೆ ಸರಿದದ್ದೇ ತಡ, ಅವಳಿಗೆ ತಲೆ ತಿರುಗಿತು. ಮರಗಳ ನಡುವೆ ಬೀಳುವ ಬಿಸಿಲ ಕೋಲಿನಲ್ಲಿ ರೆಕ್ಕೆ ಬಡಿಯುತ್ತ, ಗಾಳಿಯಲ್ಲಿ ಒಂದೇ ಕಡೆ ನಿಂತು, ತನ್ನ ಪಟ್ಟೆಯನ್ನು ಕಾಡಿಗೆಲ್ಲ ತೋರಿಸುತ್ತಿದ್ದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವಳದೂ ಅದೇ ಕಥೆ.

ಅದೇ ಮರದ ಇನ್ನೊಂದು ಮಗ್ಗುಲಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜಗಳು ಸಾಲಾಗಿ ಮನೆ ಮಾಡಿದ್ದವು. ದೇವೀರಿ ಅಲ್ಲಿಗೆ ಹೋಗಿ, "ನಾನೂ ನಿಮ್ಮವಳೇ" ಅಂದಳು. ಕಡಜಗಳು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದವು. ಅವುಗಳ ಯಜಮಾನಿ, "ಬಾರಮ್ಮ, ಕೂತ್ಕೋ" ಅಂದಳು. ಅಂದಿನಿಂದ ದೇವೀರಿ ಅಲ್ಲೇ ಕೂರತೊಡಗಿದಳು. ತಂಗಿ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದಳು.

ಒಂದು ದಿನ ಯಜಮಾನಿ ಕೇಳಿದಳು: "ಈ ಮರದಲ್ಲಿ ಎಲ್ಲಿಂದಲೋ ಕೊಳೆತ ವಾಸನೆ ಬರ್ತಾ ಇದೆ. ಎಷ್ಟು ಹುಡುಕಿದರೂ ಜಾಗ ಸಿಕ್ಕಿಲ್ಲ. ಸಿಕ್ಕಿದರೆ ಮಣ್ಣು ಮೆತ್ತಿ ಮುಚ್ಚಿಬಿಡ್ತೀವಿ. ನಿನಗೇನಾದರೂ ಗೊತ್ತೇನಮ್ಮ ದೇವೀರಿ?"

ಮಕ್ಕಳೇ, ಅವಳು ಗೊತ್ತಿಲ್ಲ ಅನ್ನಬಹುದಿತ್ತು. ಅಷ್ಟೇ ಸಾಕಿತ್ತು. ಒಳಗಿದ್ದ ಮರಿಗಳೆಲ್ಲ ಬದುಕಿಕೊಳ್ಳುತ್ತಿದ್ದವು. ಆದರೆ ಗೊತ್ತಿಲ್ಲ ಅಂದರೆ ಇವಳು ಕೆಲಸಕ್ಕೆ ಬಾರದವಳು ಎಂದು ಎಬ್ಬಿಸಿ ಕಳಿಸಿಬಿಟ್ಟರೆ? ಆ ಜಾಗ ಬಿಟ್ಟು ಏಳಲು ಅವಳಿಗೆ ಮನಸ್ಸಿರಲಿಲ್ಲ.

"ಗೊತ್ತು, ಯಜಮಾನಿಯವರೇ" ಅಂದಳು. "ಒಂದ್ಸಲ ಆ ಕಡೆ ಹಾರಿ ಹೋಗುವಾಗ ಕಣ್ಣಿಗೆ ಬಿತ್ತು. ಸೀತಾಳೆ ಗಿಡದ ಹಿಂದೆ ಪೊಟರೆ ಇದೆ. ಥೂ, ಅದರಲ್ಲಿ ಏನೇನೋ ಬಾಲದ ಹುಳುಗಳು. ನೋಡಿದ್ರೆ ವಾಕರಿಕೆ ಬರುತ್ತೆ."

ಬಾಲದ ಹುಳುಗಳಂತೆ! ಇವಳ ಬಾಲ ಉದುರಿದ್ದು ಮೊನ್ನೆ ಮೊನ್ನೆ. ಇದನ್ನು ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಉರಿಯಲಿ, ಆದರೂ ಹೇಳುತ್ತೇನೆ.

ಕಡಜಗಳು ಬಾಯಲ್ಲಿ ಹಸಿಮಣ್ಣಿನ ಉಂಡೆ ಹೊತ್ತು ಹೊರಟವು. ದೇವೀರಿ ಮುಂದೆ ಮುಂದೆ ದಾರಿ ತೋರಿಸಿದಳು. ಅವು ಪೊಟರೆಯ ಅಂಚಿಗೆ ಮಣ್ಣು ಮೆತ್ತತೊಡಗಿದಾಗ ಕೆಂಪಾಜಿ ಎಲ್ಲಿದ್ದಳೋ ಹಾರಿಬಂದಳು.

"ಅಕ್ಕಾ, ಇದೇನ್ ಮಾಡಿಸ್ತಿದ್ದೀಯೆ? ನಮ್ ತಮ್ಮಂದ್ರು ತಂಗೀರೆಲ್ಲ ಒಳಗವ್ರೆ ಕನಕ್ಕ! ಗಾಳಿ ಇಲ್ದೆ ಸತ್ತೋಯ್ತಾರೆ! ನೀನೂ ಇದೇ ನೀರಲ್ಲಿ ಬೆಳ್ದೋಳಲ್ವಾ? ಬ್ಯಾಡ ಅಂತ ಒಂದ್ ಮಾತು ಹೇಳಕ್ಕ, ಅವ್ರು ನಿನ್ ಮಾತು ಕೇಳ್ತಾರೆ!"

ಯಜಮಾನಿ ದೇವೀರಿಯ ಕಡೆ ತಿರುಗಿದಳು. "ಇವಳು ನಿನಗೆ ಏನಾಗಬೇಕು?"

"ಯಾರೋ ಏನೋ. ನಾನು ಇವಳನ್ನ ಕಂಡೇ ಇಲ್ಲ."

"ನಿನ್ ಬಾಯಿಗಷ್ಟು ಮಣ್ ಬೀಳ!" ಎಂದು ಕೂಗಿ ಕೆಂಪಾಜಿ ಪೊಟರೆಯ ಬಾಯಲ್ಲೇ ಅಡ್ಡ ಕೂತಳು. ಅವಳಿಗೆ ಕೊಂಡಿಯಿರಲಿಲ್ಲ. ಕಡಜಗಳಿಗೆ ಇತ್ತು. ಒಂದು ಕಡಜ ಚುಚ್ಚಿತು. ಕೆಂಪಾಜಿ ಮರದ ಬುಡಕ್ಕೆ ಬಿದ್ದಳು, ಮತ್ತೆ ಏಳಲಿಲ್ಲ. ಅಕ್ಕ ನೋಡುತ್ತಲೇ ಇದ್ದಳು.

ಹೊತ್ತು ಮುಳುಗುವ ಮೊದಲೇ ಪೊಟರೆ ಮುಚ್ಚಿತು. ಒಳಗೆ ಮರಿಗಳು ಬಾಲವನ್ನು ಆದಷ್ಟೂ ಉದ್ದಕ್ಕೆ ಚಾಚಿ ಗಾಳಿಗಾಗಿ ತಡಕಾಡಿದವು. ಹೊರಗೆ ಕಡಜಗಳು ದೇವೀರಿಯನ್ನು ಹೊಗಳಿದವು. ಅವಳು ಉಬ್ಬಿಹೋದಳು.

ಕೆಲವು ದಿನ ಕಳೆದವು. ದೇವೀರಿಯ ಹೊಟ್ಟೆಯಲ್ಲಿ ಮೊಟ್ಟೆ ತುಂಬಿತು. ಹೂನೊಣದ ಮೊಟ್ಟೆಯನ್ನು ಹೂವಿನಲ್ಲಿಡಲು ಆಗುವುದಿಲ್ಲ, ಎಲೆಯ ಮೇಲಿಡಲೂ ಆಗುವುದಿಲ್ಲ. ಅದಕ್ಕೆ ನೀರು ನಿಂತು ಕೊಳೆತ ಪೊಟರೆಯ ಒದ್ದೆ ಬಿರುಕೇ ಬೇಕು. ಅವಳು ಕಾಡೆಲ್ಲ ಸುತ್ತಿದಳು. ಸುತ್ತಲಿನವೆಲ್ಲ ಎಳೆಯ ಮರಗಳು. ಪೊಟರೆಯಾಗಬೇಕಾದರೆ ಮರಕ್ಕೆ ತುಂಬ ವಯಸ್ಸಾಗಬೇಕು, ಗಾಯವಾಗಬೇಕು, ಕೊಳೆಯಬೇಕು. ಅಂಥ ಮರ ಅಲ್ಲಿ ಒಂದೇ ಇತ್ತು.

ಕೊನೆಗೆ ಮತ್ತಿಮರಕ್ಕೇ ಬಂದಳು. ಮಣ್ಣು ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಕಾಲಿನಿಂದ ಕೆರೆದಳು. ಹೂವಿನ ರಸ ಹೀರುವ ಬಾಯಿಯಿಂದ ಆ ಗೋಡೆ ಕೊರೆಯಲಾದೀತೇ? ಯಜಮಾನಿಯ ಹತ್ತಿರ ಓಡಿದಳು.

"ಯಜಮಾನಿಯವರೇ, ಒಂದು ತೂತು ಕೊರೆದುಕೊಡಿ. ಸಣ್ಣದಾದರೂ ಸಾಕು. ಮೊಟ್ಟೆ ಇಡಬೇಕು."

ಗುಟ್ಟು ತಾನೇ ಬಿಟ್ಟುಕೊಟ್ಟೆನಲ್ಲ ಎಂದು ಅವಳಿಗೆ ಆಮೇಲೆ ಹೊಳೆಯಿತು. ಆದರೆ ಯಜಮಾನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ನಿನಗೆ ಎರಡೇ ರೆಕ್ಕೆ ಇರೋದು ನಮಗೆ ಕಾಣೋದಿಲ್ಲ ಅಂದ್ಕೊಂಡಿದ್ದೆಯಾ? ಬಂದ ದಿನವೇ ಗೊತ್ತಾಯ್ತು. ಆ ಪೊಟರೆ ಎಲ್ಲಿದೆ ಅನ್ನೋದು ಅದರಲ್ಲಿ ಹುಟ್ಟಿದವಳಿಗೇ ಗೊತ್ತಿರುತ್ತೆ. ಅದಕ್ಕೇ ಕೂರಿಸಿಕೊಂಡೆವು. ಕೆಲಸ ಆಯ್ತಲ್ಲ, ಇನ್ನು ಹೊರಡು."

ಮೊಟ್ಟೆಗಳು ಕಾಯುವುದಿಲ್ಲ. ದೇವೀರಿ ಆ ಕಾದ ಮಣ್ಣಿನ ಗೋಡೆಯ ಮೇಲೇ ಒಂದೊಂದಾಗಿ ಮೊಟ್ಟೆ ಇಟ್ಟಳು. ನಡುಮಧ್ಯಾಹ್ನದ ಹೊತ್ತಿಗೆ ಅವು ಸುರುಟಿ ಒಣಗಿದವು. ಅವಳು ಅವುಗಳ ಪಕ್ಕದಲ್ಲೇ ಕೂತಿದ್ದಳು.

ಅಯ್ಯೋ ಪಾಪ ಎಂದು ಯಾರೂ ನನ್ನ ಮುಂದೆ ಅನ್ನಬೇಡಿ. ಪಾಪ ಅನ್ನುವುದಾದರೆ ಪೊಟರೆಯ ಬಾಯಲ್ಲಿ ಅಡ್ಡ ಕೂತ ಕೆಂಪಾಜಿಗೆ ಅನ್ನಿ. ಕತ್ತಲಲ್ಲಿ ಬಾಲ ಚಾಚಿ ಗಾಳಿ ಹುಡುಕಿದ ಆ ಮರಿಗಳಿಗೆ ಅನ್ನಿ. ಅವುಗಳಲ್ಲಿ ಎಷ್ಟೋ ಮರಿಗಳಿಗೆ ಪಟ್ಟೆ ಮೂಡುವ ಕಾಲ ಹತ್ತಿರ ಬಂದಿತ್ತು.

ನೀತಿ: ಹುಟ್ಟಿದ ಜಾಗದ ವಾಸನೆಗೆ ನಾಚಿಕೊಂಡು, ಅಲ್ಲಿ ಇನ್ನೂ ಉಳಿದಿರುವವರ ಉಸಿರು ಕಟ್ಟಿಸಬೇಡಿ. ಕೊಡಲಿ ಕಾವು ಕುಲಕ್ಕೆ ಸಾವು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಿಮ್ಮವರನ್ನು ತೋರಿಸಿಕೊಟ್ಟರೆ ಪಕ್ಕದಲ್ಲಿ ಕೂರಿಸಿಕೊಳ್ಳುವವರು ನಿಮ್ಮನ್ನು ಎಂದೂ ತಮ್ಮವರೆಂದು ಎಣಿಸುವುದಿಲ್ಲ. ಅವರ ಕೆಲಸ ಮುಗಿದ ದಿನ ನಿಮಗೆ ಅಲ್ಲೂ ಜಾಗವಿಲ್ಲ, ಇಲ್ಲೂ ಜಾಗವಿಲ್ಲ.