ಮುಸುವನ ಕಣ್ಣು, ಗೊರವಂಕದ ಕೊರಳು

ಕರಿಮೂತಿಯ ಮುದಿ ಮುಸುವ ಮರದ ತುದಿಯಲ್ಲಿ ಉದ್ದ ಬಾಲ ಇಳಿಬಿಟ್ಟು ಕೂತು, ಹುಲಿ ಕಂಡೊಡನೆ ಕೂಗುತ್ತಿದ್ದ. ಆ ಕೂಗನ್ನು ನಂಬಿ ಜಿಂಕೆಗಳು ಕೆಳಗೆ ನಿಶ್ಚಿಂತೆಯಿಂದ ಮೇಯುತ್ತಿದ್ದವು. ಒಂದು ದಿನ ಗೊರವಂಕ ಹಕ್ಕಿಯೊಂದು ಅದೇ ಕೂಗನ್ನು ಕಲಿತು, ಕಾಡಿಗೆಲ್ಲ ಕೇಳುವಂತೆ ಕೂಗಿತು. ಜಿಂಕೆಗಳು ಹಿಗ್ಗಿ, "ಅಜ್ಜ, ನಿನ್ನ ಕೆಲಸ ಮುಗಿಯಿತು, ಇಳಿದು ಬಾ" ಎಂದವು.

ಆದರೆ ಗೊರವಂಕ ಗಾಳಿಗೆ ಹುಲ್ಲು ಅಲ್ಲಾಡಿದರೂ ಕೂಗಿತು. ಓಡಿ ಓಡಿ ಸೋತ ಜಿಂಕೆಗಳು ಕೊನೆಗೆ ಕೂಗಿಗೆ ಕಿವಿಗೊಡುವುದನ್ನೇ ಬಿಟ್ಟವು. ಅಂದೇ ಹುಲಿ ಒಂದು ಮರಿಯನ್ನು ಹೊತ್ತೊಯ್ದಿತು.

ಕಾಡಿನ ಒಡೆಯನಾದ ಆನೆ ಸಭೆ ಕರೆಯಿತು. "ಆ ಹಕ್ಕಿಯ ಬಾಯಿ ಕಟ್ಟಿಸಿ" ಎಂದವು ಜಿಂಕೆಗಳು.

ಮುಸುವ ತಡೆಯಲಾರದೆ ಎದ್ದು ನಿಂತ. "ಬೇಡ ಒಡೆಯ. ನನ್ನ ಕೂಗು ಹೊಳೆ ದಾಟುವುದಿಲ್ಲ. ಇಂಥ ಕೊರಳಿಗಾಗಿ ಆಯುಷ್ಯವಿಡೀ ಹಂಬಲಿಸಿದ್ದೇನೆ. ನಾನು ಕಂಡು ಹೇಳುತ್ತೇನೆ, ಅದು ಕೂಗಲಿ."

"ಹಾಗೇ ಕಟ್ಟಳೆಯಾಗಲಿ" ಎಂದಿತು ಆನೆ. "ಮುಸುವ ಕಣ್ಣಾರೆ ಕಾಣದೆ ಗೊರವಂಕ ಕೂಗಕೂಡದು."

ಮರುದಿನ ಹುಲ್ಲಿನ ನಡುವೆ ಹುಲಿಯ ಪಟ್ಟೆ ಕಂಡಿತು. ಮುಸುವ ಸನ್ನೆ ಮಾಡಿದ, ಗೊರವಂಕ ಕೂಗಿತು. ಹೊಳೆಯ ಎರಡೂ ದಡದ ಜಿಂಕೆಗಳೆಲ್ಲ ಓಡಿ ಪಾರಾದವು. ಮುಸುವ ವಯಸ್ಸು ಮರೆತು ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸಿದ.

ಸಂಜೆ ಹಸಿದ ಹುಲಿ ಆನೆಯ ಮುಂದೆ ಬಂದು ನಿಂತು, "ಒಡೆಯ, ಅಂಥ ಜಾಣ ಹಕ್ಕಿಗೆ ಕಡಿವಾಣ ಹಾಕುವುದು ಮಹಾ ಅನ್ಯಾಯ" ಎಂದಿತು.