ಸಾಧು ಮರಿಗಳು

ಬಿದಿರು ಬೆಳೆದ ಒಂದು ಕಾಡಿನಲ್ಲಿ ಸೀಳುನಾಯಿಗಳ ಹಿಂಡಿತ್ತು. ಬೇಟೆಯನ್ನು ಯಾರೇ ಕೆಡವಲಿ, ಮೊದಲ ತುತ್ತು ಮರಿಗಳಿಗೆ. ಅದು ಆ ಹಿಂಡಿನ ಕಟ್ಟಳೆ.

ಆ ವರ್ಷ ಜಿಂಕೆಗಳು ಬೆಟ್ಟದಾಚೆ ಹೋದವು. ಹಿಂಡು ಹಗಲೆಲ್ಲ ಅಲೆಯಬೇಕಾಯಿತು. ಆಗ ಮಾಳ ಎಂಬ ಹಿರಿಯ ನಾಯಿ, "ಮರಿಗಳ ಕಾವಲಿಗೆ ನಾನಿರ್ತೀನಿ. ಮಾಂಸ ತಂದು ಗವಿಯ ಮುಂದೆ ಹಾಕಿ ಹೋಗಿ. ತಿನ್ನಿಸೋದು ನನ್ನ ಕೆಲಸ" ಎಂದಿತು. ಎಲ್ಲವೂ ನಂಬಿದವು.

ಬೇಲಿಯೇ ಎದ್ದು ಹೊಲ ಮೇಯಿತು. ಮಾಂಸವೆಲ್ಲ ಮಾಳನ ಹೊಟ್ಟೆಗೆ, ಚರ್ಮ ಮೂಳೆ ಐದು ಮರಿಗಳಿಗೆ. "ಅಮ್ಮನಿಗೆ ಹೇಳಿದ್ರೆ ಮೂಳೆಯೂ ಇಲ್ಲ, ಹುಷಾರ್!" ಎಂದು ಹೆದರಿಸುತ್ತಿತ್ತು. ಮರಿಗಳ ಪಕ್ಕೆಲುಬುಗಳು ಎದ್ದು ಕಂಡವು. ಕೂದಲು ಉದುರಿತು. ಆಟ, ಜಗಳ ಎರಡೂ ನಿಂತುಹೋದವು.

"ಯಾಕಣ್ಣಾ, ಮಕ್ಕಳು ಯಾವಾಗಲೂ ಮಲಗೇ ಇರ್ತಾವಲ್ಲ?" ಎಂದು ತಾಯಿ ಕೆಂಚಿ ಕೇಳಿತು.

"ಪುಣ್ಯ ಮಾಡಿದ್ದೀಯ ಕಣಮ್ಮ! ಇಷ್ಟು ಸಾಧು ಮಕ್ಕಳನ್ನ ನಾನೆಲ್ಲೂ ನೋಡಿಲ್ಲ. ಹಠ ಇಲ್ಲ, ಗಲಾಟೆ ಇಲ್ಲ."

ಕೆಂಚಿ ಹಿಗ್ಗಿತು. ಪಾಪ, ಅದಕ್ಕೆ ಹಸಿವಿನ ಸುಸ್ತು ಒಳ್ಳೆಯ ಗುಣವಾಗಿ ಕಂಡಿತು.

ಒಂದು ಮಧ್ಯಾಹ್ನ ಬಿದಿರಿನ ನಡುವೆ ತರಗೆಲೆ ಸರಗುಟ್ಟಿತು. ಚಿರತೆ! ಮಾಳನ ಜೀವ ಬಾಯಿಗೆ ಬಂತು. ಹಿಂಡು ದಿಣ್ಣೆಯಾಚೆ ಇತ್ತು. ಸೀಳುನಾಯಿಗಳು ಒಂದನ್ನೊಂದು ಕರೆಯುವುದು ಸಿಳ್ಳೆ ಹಾಕಿ. ಮಾಳ ಸಿಳ್ಳೆ ಹಾಕಿತು. ಒಂಟಿ ಸಿಳ್ಳೆ ದಿಣ್ಣೆ ದಾಟಲಿಲ್ಲ.

"ಎಲ್ಲರೂ ಸೇರಿ ಸಿಳ್ಳೆ ಹಾಕ್ರೋ ಮಕ್ಕಳಾ, ಬೇಗ!"

ಮರಿಗಳು ಬಾಯಿ ತೆರೆದವು. ಬರೀ ಗಾಳಿ ಬಂತು.

"ಇನ್ನೂ ಜೋರಾಗಿ!"

"ಆಗ್ತಿಲ್ಲ ಮಾವ," ಎಂದಿತು ಕಿರಿಯ ಮರಿ. "ಸಿಳ್ಳೆ ಹಾಕೋಕೂ ಹೊಟ್ಟೇಲಿ ಏನಾದ್ರೂ ಇರಬೇಕಲ್ಲ."

ಚಿರತೆ ಹತ್ತಿರ ಬಂತು. ಬಡಕಲು ಮರಿಗಳು ಗವಿಯೊಳಗೆ ನುಸುಳಿಕೊಂಡವು. ಹಿಂದೆಯೇ ಮಾಳ ನುಗ್ಗಿತು. ತಲೆ ಒಳಗೆ ಹೋಯಿತು, ಕೊಬ್ಬಿದ ಹೊಟ್ಟೆ ಬಾಗಿಲಲ್ಲೇ ಸಿಕ್ಕಿಬಿತ್ತು. ಚಿರತೆ ಹಿಂಗಾಲು ಹಿಡಿದು ಎಳೆದುಕೊಂಡು ಹೋಯಿತು.

ಸಂಜೆ ಹಿಂಡು ಬಂದಾಗ ಮರಿಗಳು ಎಲ್ಲ ಹೇಳಿದವು. ಕೆಂಚಿ ಅವನ್ನು ನೆಕ್ಕುತ್ತ ಅತ್ತಿತು. "ಸಾಧು ಅಂದುಕೊಂಡೆನಲ್ಲೋ, ನನ್ನ ಕಣ್ಣಿಗೇನಾಗಿತ್ತು?" ಅಂದಿನಿಂದ ಅದೇ ಎದುರು ಕೂತು ತಿನ್ನಿಸಿತು. ನಾಲ್ಕು ಮರಿಗಳು ಚೇತರಿಸಿಕೊಂಡು ಮತ್ತೆ ಕಚ್ಚಾಡತೊಡಗಿದವು. ಕಿರಿಯದು ಮಾತ್ರ ಎಷ್ಟು ತಿಂದರೂ ಅಣ್ಣಂದಿರ ಭುಜದೆತ್ತರಕ್ಕೆ ಬೆಳೆಯಲೇ ಇಲ್ಲ.

ನೀತಿ: ಮಗು ಸುಮ್ಮನಿದೆ ಎಂದು ಹಿಗ್ಗುವ ಮೊದಲು ಅದರ ಹೊಟ್ಟೆ ತುಂಬಿದೆಯೇ ನೋಡಬೇಕು, ಬೆಳೆಯುವ ವಯಸ್ಸಿನಲ್ಲಿ ತಪ್ಪಿದ ತುತ್ತು ಮತ್ತೆ ಸಿಗುವುದಿಲ್ಲ.